ಎಂಟು ಬುಕಿಂಗ್‌ಗಳ ನಡುವಿನ ಖಾಲಿ ಜಾಗ

ಹೊರಟವರು ನಾಲ್ಕು ಜನ. ಅಪ್ಪನಿಗೆ 69 ವರ್ಷ, ಏಳು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿದ್ದಾರೆ. ಅಮ್ಮನಿಗೆ 65, ಹನ್ನೆರಡು ವರ್ಷದಿಂದ ಶುಗರ್. ಜೊತೆಗೆ ನಾನು ಮತ್ತು ನನ್ನ ತಮ್ಮ. ಊರು ಮೈಸೂರು. ಹೋಗಬೇಕಾಗಿದ್ದದ್ದು ಇಟಲಿಗೆ, ಹದಿಮೂರು ದಿನ, ಮೇ ತಿಂಗಳಲ್ಲಿ. ಟೂರ್ ಕಂಪನಿಯವರ ಜೊತೆ ಹೋಗುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಬಸ್ ಹತ್ತು, ಅರ್ಧ ಗಂಟೆಯಲ್ಲಿ ನೋಡಿ ವಾಪಸ್ ಬಾ ಅನ್ನುವ ಓಟ ಅವರಿಗೆ ಆಗುವುದಿಲ್ಲ. ಹಾಗಾಗಿ ಎಲ್ಲವನ್ನೂ ನಾವೇ ಬುಕ್ ಮಾಡಿದೆವು. ಪ್ರಯಾಣ ವಿಮೆಯನ್ನೂ ನಾವೇ ಹುಡುಕಬೇಕಾಯಿತು, ಇದು ಆ ಹುಡುಕಾಟದ ಕಥೆ.

ಲೆಕ್ಕ ಹಾಕಿದರೆ ಎಂಟು ಬುಕಿಂಗ್. ಬೆಂಗಳೂರಿನಿಂದ ಗಲ್ಫ್ ಮೂಲಕ ಮಿಲಾನಿಗೆ ಹೋಗಿಬರುವ ವಿಮಾನ ಒಂದು. ಮಿಲಾನಿನಿಂದ ನೇಪಲ್ಸಿಗೆ ಕಡಿಮೆ ದರದ ವಿಮಾನ ಇನ್ನೊಂದು. ನೇಪಲ್ಸ್, ರೋಮ್, ವೆನಿಸ್‌ಗಳಲ್ಲಿ ಮೂರು ವಸತಿ. ಆ ಊರುಗಳ ನಡುವೆ ಎರಡು ರೈಲು, ವೆನಿಸಿನಿಂದ ಮತ್ತೆ ಮಿಲಾನಿಗೆ ಮೂರನೆಯ ರೈಲು. ಎಂಟೂ ಬೇರೆ ಬೇರೆ ಕಂಪನಿ, ಬೇರೆ ಬೇರೆ ಷರತ್ತು.

ಟೂರ್ ಪ್ಯಾಕೇಜಿನಲ್ಲಿ ವಿಮಾನ ತಡವಾದರೆ ಹೋಟೆಲ್ಲಿಗೆ ಫೋನ್ ಮಾಡುವವರು ಟೂರ್‌ನವರು. ಯುರೋಪಿನಲ್ಲಂತೂ ಪ್ಯಾಕೇಜ್ ಮಾರುವವರು ದಿವಾಳಿಯಾದರೂ ಗ್ರಾಹಕರ ದುಡ್ಡು ಉಳಿಯಬೇಕು ಅಂತ ಯುರೋಪಿಯನ್ ಒಕ್ಕೂಟದ 2015ರ ನಿರ್ದೇಶನವೇ ಇದೆ. ಆದರೆ ವಿಮಾನ ಒಂದು ಕಡೆ, ಹೋಟೆಲ್ ಇನ್ನೊಂದು ಕಡೆ ಅಂತ ನಾವೇ ಬಿಡಿಬಿಡಿಯಾಗಿ ಕೊಂಡರೆ ಆ ರಕ್ಷಣೆ ಸಿಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತುಂಡಿಗೆ ಮಾತ್ರ ಜವಾಬ್ದಾರರು. ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಜಾಗಕ್ಕೆ ಯಾರೂ ಇಲ್ಲ. ನಮಗೆ ವಿಮೆ ಬೇಕಿದ್ದದ್ದು ಆ ಜಾಗಕ್ಕೆ. ಇದು ಅರ್ಥವಾಗಲು ನನಗೆ ಎರಡು ವಾರ ಹಿಡಿಯಿತು.

ಮೊದಲು ಕೈಗೆ ಬಂದದ್ದು ಅಪ್ಪನ ಪರಿಚಯದ ಏಜೆಂಟ್ ಒಬ್ಬರು ವಾಟ್ಸಾಪಿನಲ್ಲಿ ಕಳಿಸಿದ ಒಂದು ಪುಟ. "ಸರ್, ವೀಸಾಗೆ ಇಷ್ಟು ಸಾಕು, ಎಲ್ರೂ ಇದನ್ನೇ ತಗೊಳ್ಳೋದು" ಅಂದರು. ವೀಸಾಗೆ ಸಾಕು ಅನ್ನುವುದು ನಿಜವೇ. ಯುರೋಪಿನ ಹಲವು ದೇಶಗಳಿಗೆ ಸೇರಿಸಿ ಕೊಡುವ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇರಬೇಕು, ಎಲ್ಲ ಷೆಂಗೆನ್ ದೇಶಗಳಲ್ಲಿ ನಡೆಯಬೇಕು, ತುರ್ತು ಚಿಕಿತ್ಸೆ ಮತ್ತು ಊರಿಗೆ ವಾಪಸ್ ಕಳಿಸುವ ಖರ್ಚು ಅದರಲ್ಲಿ ಸೇರಿರಬೇಕು. ಅಷ್ಟೇ ನಿಯಮ. ವೀಸಾ ಕೊಡುವವರಿಗೆ ಬೇಕಾದದ್ದು ತಮ್ಮ ದೇಶದ ಆಸ್ಪತ್ರೆಯ ಬಿಲ್ ಬಾಕಿ ಉಳಿಯದಿರುವುದು. ನಮ್ಮ ರೈಲು ತಪ್ಪಿತೋ, ಹೋಟೆಲ್ ದುಡ್ಡು ಹೋಯಿತೋ ಅನ್ನುವುದು ಅವರ ಚಿಂತೆಯಲ್ಲ. ಜಾಸ್ತಿ ಜನ ಇಲ್ಲೇ ನಿಂತುಬಿಡುತ್ತಾರೆ. ನಾವೂ ನಿಲ್ಲುತ್ತಿದ್ದೆವೇನೋ, ಆದರೆ ಅಪ್ಪ ಕೇಳಿದರು: "ಇದು ಸರ್ಟಿಫಿಕೇಟು. ಷರತ್ತೆಲ್ಲಿ?"

ಅಪ್ಪ ಕೆಇಬಿಯಲ್ಲಿ ಮೂವತ್ತು ವರ್ಷ ಟೆಂಡರ್ ಕಾಗದ ಓದಿದವರು. ಷರತ್ತು ನೋಡದೆ ಸಹಿ ಹಾಕಿದ ಅಭ್ಯಾಸವಿಲ್ಲ. ನಾನು ಮೂರು ಕಂಪನಿಗಳ ಪೂರ್ತಿ ಪಾಲಿಸಿ ಷರತ್ತುಗಳನ್ನು ಇಳಿಸಿಕೊಂಡೆ. ಒಂದೊಂದೂ ಮೂವತ್ತು ನಲವತ್ತು ಪುಟ. ಮನೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಊಟದ ಮೇಜಿನ ಮೇಲೆ ಹರಡಿದೆವು. ಅಪ್ಪ ಪೆನ್ಸಿಲ್ ಹಿಡಿದು ಕೂತರು. ಮೊದಲು ಅವರು ತೆಗೆದದ್ದು ಲಾಭಗಳ ಪಟ್ಟಿಯನ್ನಲ್ಲ, ವ್ಯಾಖ್ಯೆಗಳ ಪುಟವನ್ನು. "ಯಾವ ಪದಕ್ಕೆ ಇವರು ಏನು ಅರ್ಥ ಇಟ್ಕೊಂಡಿದಾರೆ ಅಂತ ಮೊದ್ಲು ನೋಡು. ಆಮೇಲೆ ಮಿಕ್ಕಿದ್ದು."

ಅದು ಎಷ್ಟು ಸರಿ ಅಂತ ಎರಡನೆಯ ದಿನವೇ ಗೊತ್ತಾಯಿತು. ನಂಜನಗೂಡಿನಲ್ಲಿ ಅಜ್ಜಿ ಇದ್ದಾರೆ, ಅಪ್ಪನ ತಾಯಿ, 90 ದಾಟಿದೆ. ನಾವು ಹೊರಡುವ ವಾರ ಅವರಿಗೆ ಏನಾದರೂ ಆದರೆ ಪ್ರವಾಸ ಇಲ್ಲ, ಅದು ನಮ್ಮಲ್ಲಿ ಚರ್ಚೆಯೇ ಬೇಡದ ಮಾತು. ಮೂರೂ ಪಾಲಿಸಿಗಳಲ್ಲಿ 'ಹತ್ತಿರದ ಕುಟುಂಬದವರು ಆಸ್ಪತ್ರೆ ಸೇರಿದರೆ ಅಥವಾ ತೀರಿಕೊಂಡರೆ' ಪ್ರವಾಸ ರದ್ದಾದ ನಷ್ಟ ಕೊಡುತ್ತೇವೆ ಅಂತಿತ್ತು. ಆದರೆ ಹತ್ತಿರದ ಕುಟುಂಬ ಅಂದರೆ ಯಾರು? ಎರಡು ಪಾಲಿಸಿಗಳ ವ್ಯಾಖ್ಯೆಯಲ್ಲಿ ಗಂಡ-ಹೆಂಡತಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರು, ಅತ್ತೆ-ಮಾವ. ಅಂದರೆ ಅಜ್ಜಿಗೆ ಹುಷಾರು ತಪ್ಪಿದರೆ ಅಪ್ಪನ ದುಡ್ಡು ಬರುತ್ತದೆ, ತಾಯಿ ಅಂತ. ಅಮ್ಮನದೂ ಬರುತ್ತದೆ, ಅತ್ತೆ ಅಂತ. ನನ್ನದು ಮತ್ತು ತಮ್ಮನದು ಬರುವುದಿಲ್ಲ. ಅಜ್ಜಿ ಆ ಪಟ್ಟಿಯಲ್ಲೇ ಇಲ್ಲ. ಮೂರನೆಯ ಪಾಲಿಸಿಯಲ್ಲಿ ಮಾತ್ರ ಅಜ್ಜ-ಅಜ್ಜಿಯರ ಹೆಸರಿತ್ತು. ಅಪ್ಪ ಅದರ ಕೆಳಗೆ ಎರಡು ಗೆರೆ ಎಳೆದರು.

ಇನ್ನು ದೊಡ್ಡ ಅಕ್ಷರದ ಮೊತ್ತದ ವಿಷಯ. ಒಂದು ಪಾಲಿಸಿ 50,000 ಡಾಲರ್, ಉಳಿದೆರಡು ಒಂದೊಂದು ಲಕ್ಷ ಡಾಲರ್. ನೋಡಿದ ತಕ್ಷಣ ಲಕ್ಷದ್ದು ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಆದರೆ ಆ ಎರಡರಲ್ಲಿ ಒಂದಕ್ಕೆ, 60 ದಾಟಿದವರಿಗೆ ಬೇರೆಯದೇ ಕೋಷ್ಟಕ. ರೂಮಿಗೆ ದಿನಕ್ಕೆ ಇಷ್ಟೇ, ಐಸಿಯುಗೆ ಇಷ್ಟೇ, ಸರ್ಜನ್‌ಗೆ ಇಷ್ಟೇ ಅಂತ ಒಳಮಿತಿಗಳು. ಒಟ್ಟು ಮೊತ್ತ ಲಕ್ಷವಿದ್ದರೂ ಅಪ್ಪನಿಗೆ ಅದು ಲಕ್ಷವಾಗಿ ಸಿಗುವುದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಈ ಒಂದು ಕೋಷ್ಟಕವನ್ನು ನೋಡದೆ ದಯವಿಟ್ಟು ದುಡ್ಡು ಕಟ್ಟಬೇಡಿ.

ಮೊದಲೇ ಇರುವ ಕಾಯಿಲೆ ಇನ್ನೂ ಗಂಭೀರ. ಮೂರರಲ್ಲೂ ಸ್ಟೆಂಟ್, ಶುಗರ್ ಇಂಥವುಗಳಿಂದ ಬರುವ ಮಾಮೂಲಿ ಖರ್ಚು ಇಲ್ಲ. ಜೀವಕ್ಕೆ ಅಪಾಯವಾಗುವಂಥ ತುರ್ತು ಆದರೆ ಮಾತ್ರ ಕೊಡುತ್ತಾರೆ, ಅದೂ ಸ್ಥಿತಿ ಹತೋಟಿಗೆ ಬರುವ ತನಕ. ಒಂದರಲ್ಲಿ ಇದಕ್ಕೆ 1,500 ಡಾಲರ್ ಮಿತಿ, ಇನ್ನೊಂದರಲ್ಲಿ 10,000. ಹೃದಯದ ತೊಂದರೆಗೆ ಯುರೋಪಿನ ಆಸ್ಪತ್ರೆಯಲ್ಲಿ 1,500 ಡಾಲರ್ ಎಷ್ಟು ಹೊತ್ತಿಗೆ ಬಂದೀತು? ಏಜೆಂಟ್ ಹೇಳಿದ್ದು, "ಸ್ಟೆಂಟ್ ವಿಷ್ಯ ಬರೀಬೇಡಿ ಸರ್, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ." ನಾವು ಬರೆದೆವು. ಸ್ಟೆಂಟು, ಶುಗರು, ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಎಲ್ಲವನ್ನೂ. ವಿಮೆ ಅನ್ನುವುದೇ ನಾವು ಹೇಳಿದ ಮಾತಿನ ಮೇಲೆ ನಿಂತ ಒಪ್ಪಂದ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮ್ ನಿರಾಕರಿಸಲು ಅದೊಂದೇ ಕಾರಣ ಸಾಕು. ಈ ಸಲಹೆ ಕೊಡುವ ಏಜೆಂಟರು ಕ್ಲೇಮ್ ಹೊತ್ತಿಗೆ ಜೊತೆಗಿರುವುದಿಲ್ಲ.

ಈಗ ಬುಕಿಂಗ್‌ಗಳ ನಡುವಿನ ಜಾಗಕ್ಕೆ ಬರುತ್ತೇನೆ. ನಾನು ಒಂದು ಹಾಳೆಯಲ್ಲಿ ಎಂಟು ಬುಕಿಂಗ್‌ಗಳನ್ನು ಸಾಲಾಗಿ ಬರೆದು, ಪ್ರತಿ ಎರಡರ ನಡುವೆ ಎಷ್ಟು ಗಂಟೆ ಇದೆ ಅಂತ ಗುರುತು ಮಾಡಿದೆ. ಎರಡು ಕಡೆ ಎದೆ ಧಸಕ್ಕೆಂದಿತು. ಮಿಲಾನಿಗೆ ಇಳಿಯುವುದು ಮಧ್ಯಾಹ್ನ 1.20ಕ್ಕೆ, ನೇಪಲ್ಸ್ ವಿಮಾನ 4.45ಕ್ಕೆ. ಕೊನೆಯ ದಿನ ವೆನಿಸಿನಿಂದ ಬೆಳಿಗ್ಗೆ ರೈಲು ಹತ್ತಿ ಮಿಲಾನಿಗೆ ಬಂದು, ಅದೇ ಮಧ್ಯಾಹ್ನ ಊರಿಗೆ ವಿಮಾನ.

ಅಪ್ಪ ಕೇಳಿದರು, "ಗಲ್ಫಿನಿಂದ ಬರೋ ವಿಮಾನ ಮೂರು ಗಂಟೆ ತಡ ಆದ್ರೆ?" ನೇಪಲ್ಸ್ ವಿಮಾನ ಹೋಯಿತು. ಅದು ಬೇರೆ ಟಿಕೆಟ್. ಮೊದಲ ವಿಮಾನದವರಿಗೆ ಎರಡನೆಯದು ಇದೆ ಅನ್ನುವುದೇ ಗೊತ್ತಿಲ್ಲ. ಎರಡನೆಯವರ ಪ್ರಕಾರ ನಾವು ಬರಲಿಲ್ಲ, ಅಷ್ಟೆ. ಹಾಗಾದರೆ ವಿಮೆ? ಪಾಲಿಸಿಯಲ್ಲಿ 'ತಪ್ಪಿದ ಕನೆಕ್ಷನ್' ಅಂತ ಒಂದು ಲಾಭ ಇತ್ತು. ಷರತ್ತು ಓದಿದರೆ, ಬರುವ ವಿಮಾನ ಆರು ಗಂಟೆಗಿಂತ ಜಾಸ್ತಿ ತಡವಾಗಿರಬೇಕು. ನಮ್ಮ ಟಿಕೆಟ್ ಹೋಗುವುದಕ್ಕೆ ಮೂರು ಗಂಟೆ ತಡ ಸಾಕು. ವಿಮೆ ಎಚ್ಚರಗೊಳ್ಳುವುದಕ್ಕೆ ಆರು ಗಂಟೆ ಬೇಕು. ನಡುವಿನ ಮೂರು ಗಂಟೆ ಪೂರ್ತಿ ನಮ್ಮ ತಲೆ ಮೇಲೆ. ರೈಲು ತಡವಾಗಿ ವಿಮಾನ ತಪ್ಪಿದರೆ ಇನ್ನೂ ಕಷ್ಟ. ಎರಡು ಪಾಲಿಸಿಗಳಲ್ಲಿ ಆ ಲಾಭ ವಿಮಾನದಿಂದ ವಿಮಾನಕ್ಕೆ ಮಾತ್ರ.

ಇಲ್ಲಿ ನಮ್ಮ ತೀರ್ಮಾನ ಬದಲಾಯಿತು. ಈ ಜಾಗವನ್ನು ಯಾವ ಪಾಲಿಸಿಯೂ ಮುಚ್ಚುವುದಿಲ್ಲ ಅಂತಾದರೆ, ಆ ಜಾಗವನ್ನೇ ತೆಗೆದುಬಿಡಬೇಕು. ಹೋಗುವಾಗ ಒಂದು ರಾತ್ರಿ ಮಿಲಾನಿನಲ್ಲಿ, ಬರುವಾಗ ಒಂದು ರಾತ್ರಿ ಮಿಲಾನಿನಲ್ಲಿ. ಎಂಟು ಬುಕಿಂಗ್ ಹತ್ತಾಯಿತು. ನೇಪಲ್ಸ್ ವಿಮಾನವನ್ನು ದಂಡ ಕಟ್ಟಿ ಮರುದಿನಕ್ಕೆ ಬದಲಾಯಿಸಿದೆವು. ಬದಲಾಯಿಸುವಾಗ ಬೆಳಿಗ್ಗೆ 8.10ರದ್ದನ್ನೇ ಆರಿಸಿದ್ದಕ್ಕೂ ಕಾರಣವಿದೆ. ಇಟಲಿಯಲ್ಲಿ ವಿಮಾನ, ರೈಲು ಮುಷ್ಕರಗಳು ಆಗಾಗ ಇರುತ್ತವೆ. ಆದರೆ ಮುಷ್ಕರದ ದಿನವೂ ಬೆಳಿಗ್ಗೆ 7ರಿಂದ 10 ಮತ್ತು ಸಂಜೆ 6ರಿಂದ 9ರ ನಡುವಿನ ವಿಮಾನಗಳು ಹಾರಲೇಬೇಕು ಅನ್ನುವ ರಕ್ಷಣೆ ಅಲ್ಲಿದೆ. ಮುಷ್ಕರದ ದಿನಾಂಕಗಳನ್ನು ಅಲ್ಲಿನ ಸಾರಿಗೆ ಸಚಿವಾಲಯ ಮುಂಚೆಯೇ ಪ್ರಕಟಿಸುತ್ತದೆ. ಪಾಲಿಸಿ ಕೊಳ್ಳುವ ಮೊದಲೇ ಘೋಷಣೆಯಾದ ಮುಷ್ಕರಕ್ಕೆ ವಿಮೆ ಸಿಗುವುದಿಲ್ಲ ಅನ್ನುವುದೂ ಷರತ್ತಿನಲ್ಲಿತ್ತು. ನಮ್ಮ ದಿನ ಮುಷ್ಕರ ಇರಲಿಲ್ಲ. ಇದ್ದರೂ ಹಾರುತ್ತಿದ್ದ ವಿಮಾನ ಅದು.

ರೋಮ್ ಮತ್ತು ವೆನಿಸ್ ವಸತಿಗಳನ್ನು ಉಚಿತವಾಗಿ ರದ್ದು ಮಾಡಬಹುದಾದ ದರಕ್ಕೆ ಬದಲಾಯಿಸಿದೆವು. ಇದಕ್ಕೆ 6,400 ರೂಪಾಯಿ ಜಾಸ್ತಿ ಬಿತ್ತು. ನನ್ನ ಲೆಕ್ಕದಲ್ಲಿ ಅದೂ ಒಂದು ವಿಮೆಯೇ. ಕಾರಣ ಕೇಳುವುದಿಲ್ಲ, ದಾಖಲೆ ಕೇಳುವುದಿಲ್ಲ, ಅಜ್ಜಿ ಯಾರು ಅಂತ ಕೇಳುವುದಿಲ್ಲ. ಒಂದೇ, ಗಡುವು ಇರುತ್ತದೆ. ನಮ್ಮದು ಎರಡು ದಿನ ಮುಂಚಿನ ತನಕ.

ಪಾಲಿಸಿ ಮುಟ್ಟದ ಇನ್ನೊಂದು ವಿಷಯ ವಿಮಾನ ಕಂಪನಿಯೇ ಮುಳುಗುವುದು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ, 2023ರ ಮೇನಲ್ಲಿ ಗೋ ಫಸ್ಟ್ ನಿಲ್ಲಿಸಿದಾಗ ಟಿಕೆಟ್ ಹಿಡಿದು ಕೂತವರ ಪಾಡು ನೆನಪಿರಬಹುದು. ನಾವು ಓದಿದ ಮೂರೂ ಪಾಲಿಸಿಗಳಲ್ಲಿ ಕಂಪನಿ ದಿವಾಳಿಯಾದ ನಷ್ಟ ಹೊರಗೆ. ಅದಕ್ಕೇ ವಿಮಾನಗಳಿಗೆಲ್ಲ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದೆವು. ಸೇವೆ ಸಿಗದಿದ್ದರೆ ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಕೇಳುವ ದಾರಿಯಾದರೂ ಇರುತ್ತದೆ. ತಮ್ಮನ ಕಾರ್ಡಿನ ಜೊತೆ 'ಉಚಿತ ಪ್ರಯಾಣ ವಿಮೆ'ಯೂ ಇತ್ತು. ತೆರೆದು ನೋಡಿದರೆ ಅಪಘಾತದ ಸಾವಿಗೆ ಮಾತ್ರ. ಆಸ್ಪತ್ರೆ ಖರ್ಚು ಇಲ್ಲ.

ಕೊನೆಗೆ ಕೊಂಡದ್ದು ಮೂರನೆಯ ಪಾಲಿಸಿ. ನಾಲ್ವರಿಗೆ 13,600 ರೂಪಾಯಿ. ಏಜೆಂಟ್ ಕಳಿಸಿದ್ದಕ್ಕಿಂತ 8,800 ಜಾಸ್ತಿ. ಕಾರಣ ಮೂರು: ಅಪ್ಪನ ವಯಸ್ಸಿಗೆ ಒಳಮಿತಿ ಇರಲಿಲ್ಲ, ಹಳೆ ಕಾಯಿಲೆಯ ತುರ್ತಿಗೆ 10,000 ಡಾಲರ್ ಇತ್ತು, ಅಜ್ಜಿಯ ಹೆಸರಿತ್ತು. ಒಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. ವಿಮಾನದ ಟಿಕೆಟ್ ಕೊಂಡದ್ದು ಜನವರಿಯಲ್ಲಿ, ಪಾಲಿಸಿ ಕೊಂಡದ್ದು ಮಾರ್ಚಿನಲ್ಲಿ, ವೀಸಾ ಅರ್ಜಿ ಹೊತ್ತಿಗೆ. ವೈದ್ಯಕೀಯ ರಕ್ಷಣೆ ಹೊರಟ ದಿನದಿಂದ ಶುರು, ಆದರೆ ಪ್ರವಾಸ ರದ್ದಾದರೆ ಸಿಗುವ ರಕ್ಷಣೆ ಪಾಲಿಸಿ ಕೊಂಡ ದಿನದಿಂದಲೇ ಶುರು. ಆ ಎರಡು ತಿಂಗಳು ನಮ್ಮ ಎರಡೂವರೆ ಲಕ್ಷದ ಟಿಕೆಟ್‌ಗೆ ಯಾವ ಆಸರೆಯೂ ಇರಲಿಲ್ಲ. ಟಿಕೆಟ್ ಕೊಂಡ ವಾರವೇ ಪಾಲಿಸಿ ಕೊಳ್ಳಬೇಕಿತ್ತು.

ಹೊರಟ ದಿನ ಬೆಂಗಳೂರಿನಲ್ಲೇ ವಿಮಾನ ತಡವಾಯಿತು. ಗಲ್ಫಿನಲ್ಲಿ ಮಿಲಾನ್ ವಿಮಾನ ಹೋಗಿತ್ತು. ಆದರೆ ಅವೆರಡೂ ಒಂದೇ ಪಿಎನ್‌ಆರ್, ಅಂದರೆ ಒಂದೇ ಬುಕಿಂಗ್. ಕೌಂಟರಿನವರು ಮುಂದಿನ ವಿಮಾನಕ್ಕೆ ಹಾಕಿ ಊಟದ ಕೂಪನ್ ಕೊಟ್ಟರು. ಮಿಲಾನಿಗೆ ಇಳಿದದ್ದು ರಾತ್ರಿ 8ಕ್ಕೆ. ವಿಮಾನ ತಡವಾದರೆ ಪ್ರಯಾಣಿಕರಿಗೆ ಪರಿಹಾರ ಕೊಡಿಸುವ ಯುರೋಪಿನ ಇಯು 261 ನಿಯಮ ನಮಗೆ ಅನ್ವಯವಾಗಲಿಲ್ಲ. ಅದು ಯುರೋಪಿನಿಂದ ಹೊರಡುವ ವಿಮಾನಗಳಿಗೆ, ಅಥವಾ ಯುರೋಪಿನದೇ ಕಂಪನಿಯಲ್ಲಿ ಅಲ್ಲಿಗೆ ಹೋಗುವವರಿಗೆ. ಗಲ್ಫ್ ಕಂಪನಿಯಲ್ಲಿ ಹೋಗುವಾಗ ಇಲ್ಲ, ವಾಪಸ್ ಮಿಲಾನಿನಿಂದ ಹೊರಡುವಾಗ ಇದೆ. ಬಸ್ಸಿನಲ್ಲಿ ಹೋಟೆಲ್ಲಿಗೆ ಹೋಗುವಾಗ ಅಪ್ಪ ಗಡಿಯಾರ ನೋಡಿ, "ನಾಲ್ಕೂ ಮುಕ್ಕಾಲಿನ ವಿಮಾನ ನೇಪಲ್ಸ್ ಮುಟ್ಟಿ ಎರಡು ಗಂಟೆ ಆಯ್ತು" ಅಂದರು. ಅಮ್ಮ ಅವರ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು.

ಹನ್ನೊಂದನೆಯ ದಿನ ವೆನಿಸಿನಲ್ಲಿ ಅಮ್ಮ ಬಿದ್ದಳು. ಬೆಳಿಗ್ಗೆ ಮಳೆ ಬಂದಿತ್ತು. ಅಲ್ಲಿನ ಸೇತುವೆ ಮೆಟ್ಟಿಲುಗಳ ಅಂಚಿಗೆ ಬಿಳಿ ಕಲ್ಲಿರುತ್ತದೆ, ಸವೆದು ನುಣ್ಣಗಾಗಿರುತ್ತದೆ, ಒದ್ದೆಯಾದರೆ ಸಾಬೂನು ಹಚ್ಚಿದ ಹಾಗೆ. ಇಳಿಯುವಾಗ ಕಾಲು ಜಾರಿತು. ಬಲಗೈ ಊರಿದಳು. ಹತ್ತು ನಿಮಿಷದಲ್ಲಿ ಮಣಿಕಟ್ಟು ಊದಿಕೊಂಡಿತು.

ತಮ್ಮ ಅಲ್ಲೇ ನಿಂತು ಪಾಲಿಸಿ ಕಾಗದದ ಹಿಂದಿನ ಸಹಾಯವಾಣಿಗೆ ಫೋನ್ ಮಾಡಿದ. 24 ಗಂಟೆಯೊಳಗೆ ತಿಳಿಸಬೇಕು ಅನ್ನುವ ಷರತ್ತಿತ್ತು. ಅವರು ಒಂದು ಕೇಸ್ ನಂಬರ್ ಕೊಟ್ಟು, ಅಡ್ಮಿಟ್ ಆಗದಿದ್ದರೆ ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡಿ ಅಂದರು. ವೆನಿಸಿನಲ್ಲಿ ಆಂಬುಲೆನ್ಸ್ ಕೂಡ ದೋಣಿಯೇ. ಅದರ ಅಗತ್ಯ ಬೀಳಲಿಲ್ಲ, ಮಾಮೂಲಿ ದೋಣಿಯಲ್ಲೇ ಹೋದೆವು. ತುರ್ತು ವಿಭಾಗಕ್ಕೆ ಅಲ್ಲಿ 'ಪ್ರೊಂತೊ ಸೊಕ್ಕೋರ್ಸೊ' ಅನ್ನುತ್ತಾರೆ. ಬಂದವರಿಗೆ ತೀವ್ರತೆ ನೋಡಿ ಬಣ್ಣ ಕೊಡುತ್ತಾರೆ. ಕೆಂಪು ಮೊದಲು, ಬಿಳಿ ಕೊನೆ. ಅಮ್ಮನಿಗೆ ಹಸಿರು. ನಾಲ್ಕು ಗಂಟೆ ಕಾದೆವು.

ಎಕ್ಸ್‌ರೇಯಲ್ಲಿ ಸಣ್ಣ ಬಿರುಕು. ಪ್ಲಾಸ್ಟರ್ ಹಾಕಿದರು. ಶುಗರ್ ಇದೆ ಅಂತ ನಾನು ಹೇಳಿದ್ದಕ್ಕೆ ಬೆರಳು ಚುಚ್ಚಿ ನೋಡಿದರು: 142, ಅಂದರೆ ಶುಗರ್ ಇಳಿದಿರಲಿಲ್ಲ. ಹೊರಡುವ ಮೊದಲು ಡಾಕ್ಟರಿಗೆ ಎರಡು ಕೇಳಿಕೊಂಡೆ. ಹೇಗೆ ಬಿದ್ದರು ಅನ್ನುವುದನ್ನು ವರದಿಯಲ್ಲಿ ಬರೆಯಿರಿ. ಶುಗರ್ ಎಷ್ಟಿತ್ತು ಅನ್ನುವುದನ್ನೂ ಬರೆಯಿರಿ. ಅವರು ಇಟಾಲಿಯನ್‌ನಲ್ಲಿ ಒಂದು ಸಾಲು ಬರೆದರು, ಒದ್ದೆ ಮೆಟ್ಟಿಲಿನಿಂದ ಆಕಸ್ಮಿಕವಾಗಿ ಬಿದ್ದದ್ದು ಅಂತ. ಕೆಳಗೆ 142. ಮುದ್ರೆ, ಸಹಿ. ಮೂರನೆಯ ದಿನ ವಿಮಾನ ಇದೆ ಅಂದಾಗ, ಹಾಕಿ 48 ಗಂಟೆ ಆಗದ ಪ್ಲಾಸ್ಟರ್ ಇದ್ದರೆ ಊತಕ್ಕೆ ಜಾಗ ಇರಲಿ ಅಂತ ಸೀಳಿಸಿಕೊಳ್ಳಬೇಕು, ನಿಮಗೆ ಆ ಹೊತ್ತಿಗೆ ಅಷ್ಟು ಸಮಯ ದಾಟಿರುತ್ತದೆ ಅಂತ ಅವರೇ ವಿವರಿಸಿ ಪ್ರಯಾಣ ಮಾಡಬಹುದು ಅಂತ ಚೀಟಿ ಕೊಟ್ಟರು. ಬಿಲ್ 240 ಯೂರೋ.

ಆ ದಿನವೇ ಸಂಜೆ ಅಮ್ಮನನ್ನು ಸೇತುವೆಗಳಿಲ್ಲದ ಮಿಲಾನಿಗೆ ಕರೆದೊಯ್ದೆವು. ಅಲ್ಲಿ ಒಂದು ರಾತ್ರಿ ಜಾಸ್ತಿ ಉಳಿದೆವು. ವೆನಿಸಿನ ಒಂದು ರಾತ್ರಿಯ 130 ಯೂರೋ ಹೋಯಿತು, ಉಚಿತ ರದ್ದತಿಯ ಗಡುವು ದಾಟಿತ್ತು.

ಊರಿಗೆ ಬಂದ ವಾರವೇ ಕ್ಲೇಮ್ ಹಾಕಿದೆವು. ಬಿಲ್, ಹಣ ಕಟ್ಟಿದ ರಸೀದಿ, ವರದಿ, ಅದರ ಇಂಗ್ಲಿಷ್ ಅನುವಾದ, ಎಕ್ಸ್‌ರೇ ಪ್ರತಿ, ಪಾಸ್‌ಪೋರ್ಟಿನ ಮುದ್ರೆ ಬಿದ್ದ ಪುಟಗಳು, ಬೋರ್ಡಿಂಗ್ ಪಾಸು. ಎರಡು ವಾರದ ನಂತರ ಒಂದು ಇಮೇಲ್ ಬಂತು. ಅರ್ಜಿಯಲ್ಲಿ ಮಧುಮೇಹ ಅಂತ ಬರೆದಿದ್ದೀರಿ, ಬಿದ್ದದ್ದು ಶುಗರ್ ಇಳಿದು ತಲೆಸುತ್ತಿದ್ದರಿಂದಲೋ ಅಲ್ಲವೋ ಎಂದು ಸ್ಪಷ್ಟಪಡಿಸಿ. ಓದಿದಾಗ ಅಮ್ಮನಿಗೆ ಬೇಜಾರಾಯಿತು. "ಬರೆದಿದ್ದೇ ತಪ್ಪಾಯ್ತಾ?" ಅಂದಳು. ತಪ್ಪಾಗಿರಲಿಲ್ಲ. ನಾನು ಆ ಇಟಾಲಿಯನ್ ಸಾಲನ್ನೂ 142 ಅನ್ನುವ ಅಂಕಿಯನ್ನೂ ಗುರುತು ಮಾಡಿ ವರದಿಯನ್ನು ಮತ್ತೆ ಕಳಿಸಿದೆ. ಬೇರೆ ವಿವರಣೆ ಬರೆಯಲಿಲ್ಲ. ಮರುಪ್ರಶ್ನೆ ಬರಲಿಲ್ಲ.

ಮೊದಲ 100 ಡಾಲರ್ ನಮ್ಮದೇ ಹೊಣೆ ಅನ್ನುವುದು ಪಾಲಿಸಿಯಲ್ಲಿತ್ತು. ಅದನ್ನು ಕಳೆದು ಸುಮಾರು 14,500 ರೂಪಾಯಿ ಬಂತು. ಕಟ್ಟಿದ ಪ್ರೀಮಿಯಂಗಿಂತ ಸ್ವಲ್ಪ ಜಾಸ್ತಿ. ಆ ಲೆಕ್ಕದಿಂದ ಇದನ್ನು ಅಳೆಯಬಾರದು ಅಂತ ನನ್ನ ಅಭಿಪ್ರಾಯ. ಮುರಿದದ್ದು ಮಣಿಕಟ್ಟಿನ ಬದಲು ಸೊಂಟವಾಗಿದ್ದರೆ ಆಪರೇಷನ್, ಹತ್ತು ದಿನ ಆಸ್ಪತ್ರೆ, ಮಲಗಿಸಿಕೊಂಡು ವಿಮಾನದಲ್ಲಿ ತರುವ ಖರ್ಚು. ನಾವು ಒಳಮಿತಿಯ ಕೋಷ್ಟಕ ನೋಡಿ ಆರಿಸಿದ್ದು ಆ ದಿನಕ್ಕಾಗಿ. ಅದು ಬರಲಿಲ್ಲ.

ವೆನಿಸಿನ 130 ಯೂರೋವನ್ನೂ ಕೇಳಿದ್ದೆವು, ನಿರಾಕರಿಸಿದರು. ಪ್ರವಾಸ ಮೊಟಕಾಯಿತು ಅನ್ನಬೇಕಾದರೆ 24 ಗಂಟೆಗಿಂತ ಜಾಸ್ತಿ ಅಡ್ಮಿಟ್ ಆಗಿರಬೇಕು, ಇಲ್ಲವೇ ಊರಿಗೆ ಮರಳಿರಬೇಕು. ತಮ್ಮ ದೂರು ಕೊಡೋಣ ಅಂದ. ದಾರಿ ಇದ್ದೇ ಇದೆ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷದ ತನಕದ ವ್ಯಾಜ್ಯ ನೋಡುತ್ತಾರೆ, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅನ್ಯಾಯವಾಗಿದ್ದರೆ ಖಂಡಿತ ಹೋಗಬೇಕು. ಆದರೆ ಅಪ್ಪ ಆ ಪ್ರಿಂಟ್ ತೆಗೆದು ತಮ್ಮನ ಮುಂದಿಟ್ಟರು. ಆ ಷರತ್ತಿನ ಪಕ್ಕ ಮಾರ್ಚಿನಲ್ಲೇ ಅವರ ಪೆನ್ಸಿಲ್ ಗುರುತಿತ್ತು. ಗೊತ್ತಿದ್ದೇ ಒಪ್ಪಿಕೊಂಡದ್ದು ಅದು. ಬಿಟ್ಟೆವು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಆರು ವಾರ ಫಿಸಿಯೋಥೆರಪಿ ಆಯಿತು. ಊರಿಗೆ ಬಂದ ಮೇಲಿನ ಖರ್ಚು ಪಾಲಿಸಿಯಲ್ಲಿರಲಿಲ್ಲ, ಕೈಯಿಂದಲೇ ಕಟ್ಟಿದೆವು. ಮಣಿಕಟ್ಟು ಈಗ ಪೂರ್ತಿ ತಿರುಗುತ್ತದೆ. ಮೊನ್ನೆ ಭಾನುವಾರ ಅಮ್ಮ ಚಪಾತಿ ಹಿಟ್ಟನ್ನು ತಾನೇ ನಾದಿದಳು.